ತೂಕದ ಸಾಲು

ಮಂಡ್ಯ. ಸಕ್ಕರೆ ಕಾರ್ಖಾನೆಯ ಅಂಗಳ, ರಾತ್ರಿ.
ನನ್ನ ಟ್ರಾಕ್ಟರಿನ ಟೋಕನ್ನು ಇನ್ನೂರ ಹದಿನಾಲ್ಕು,
ಸಂಜೆ ಮೈಕಿನಲ್ಲಿ ಕೂಗಿದ್ದು ನೂರ ಐವತ್ತೊಂದು.
ಮರಿಸ್ವಾಮಿಯದು ನನ್ನ ಹಿಂದೆಯೇ.
ಅವನ ಟ್ರೈಲರಿನ ಅಡಿ ಗೋಣಿತಾಟು ಹಾಸಿ
ಅವನ ಹಾಟ್‌ಸ್ಪಾಟು, ನನ್ನ ಪವರ್‌ಬ್ಯಾಂಕು,
ಮೊಣಕಾಲಿಗೆ ಮೊಣಕಾಲು ತಗುಲಿಸಿ ಕೂತೆವು.

ಇದು ಫೋನಿಗೆಂದು ಹುಟ್ಟಿದ ಆಟವಲ್ಲ.
ಮೇಜು, ಕೀಲಿಮಣೆ, ಒಳಗೆ ಫ್ಯಾನು ತಿರುಗುವ ಪೆಟ್ಟಿಗೆ
ಇರುವವರ ಮನೆಯದು.
ಪೇಟೆ ಬೀದಿಯಲ್ಲಿ ಡಿಸ್‌ಪ್ಲೇ ಹಾಕುವ ಸಮೀವುಲ್ಲಾ
ಒಂದು ಮಧ್ಯಾಹ್ನವೆಲ್ಲ ಕೂತು
ನೀನೂ ಕಂಪ್ಯೂಟರೇ ಕಣಪ್ಪ ಎಂದು ಫೋನನ್ನು ನಂಬಿಸಿ
ಒಳಕ್ಕಿಳಿಸಿದ. ಇನ್ನೂರು ಕೇಳಿದ, ನೂರೈವತ್ತಕ್ಕೆ ಒಪ್ಪಿ
"ಬಿಸಿಯಾದ್ರೆ ನನ್ನ ಬೈಬೇಡಿ" ಅಂದ.

ಬಿಸಿಯಾಗುತ್ತದೆ. ಈಗಷ್ಟೇ ಮುದ್ದೆ ಬಡಿಸಿದ ತಟ್ಟೆಯ ಹಾಗೆ
ಅಂಗೈ ಬದಲಿಸುತ್ತ ಹಿಡಿಯಬೇಕು.
ಕೀಲಿಗಳಿಲ್ಲ. ಗಾಜಿನ ಮೇಲೆ ಹೊಗೆಯಂಥ ಬಿಳಿ ಉಂಗುರಗಳು,
ಒತ್ತಿದರೂ ಒತ್ತಿದೆನೆಂಬ ಸುಳಿವು ಬೆರಳಿಗಿಲ್ಲ.
ಮರಿಸ್ವಾಮಿ ಜಿಗಿತದ ಗುಂಡಿಯನ್ನು
ಮದ್ದೂರು ವಡೆಯಷ್ಟು ಮಾಡಿಕೊಂಡಿದ್ದಾನೆ.
ಅವನ ಬಲ ಹೆಬ್ಬೆರಳ ತುದಿಯನ್ನು
ಹದಿನಾರಕ್ಕೇ ತಿಂದಿದೆ ಆಲೆಮನೆಯ ಗಾಣ.
ಕೀಲಿಮಣೆ ಹಿಂಗೆ ಹಿಗ್ಗುತ್ತಿತ್ತಾ, ಅನ್ನುತ್ತಾನೆ.

ಗರಡಿಯಲ್ಲಿ ಬೆನ್ನಿಗೆ ಮಣ್ಣು ತಾಗಿದರೆ ಸೋಲು.
ಇಲ್ಲಿ ಮಣ್ಣೇ ಸಿಗದಿದ್ದರೆ.
ಗಾಳಿಯಲ್ಲಿ ತೇಲುವ ಮೂರು ಹಲಗೆ, ಅಷ್ಟೇ ಲೋಕ.
ಅಂಚನ್ನು ಬೆರಳ ತುದಿಯಲ್ಲಿ ಹಿಡಿದು
ವಸಿ ಹೊತ್ತು ನೇತಾಡಬಹುದು.
ಪೆಟ್ಟು ತಿಂದವನ ಜೀವ ಇಳಿಯುವುದಿಲ್ಲ,
ತಲೆಯ ಮೇಲಿನ ಅಂಕಿ ಏರುತ್ತದೆ:
ಇಪ್ಪತ್ತು, ಅರವತ್ತು, ನೂರ ಮೂವತ್ತು.
ಏರಿದಷ್ಟೂ ಅವನು ಹಗುರ.
ಮೊದಮೊದಲು ಗುದ್ದಿದರೂ ಅಲುಗದ ಬಂಡೆ
ಆಮೇಲೆ ಉಫ್ ಅಂದರೆ ಸಾಕು, ತರಗಿನ ಹಾಗೆ ಹಾರಿಹೋಗುತ್ತಾನೆ.

"ನಮ್ ಕಬ್ಬು ಕಣ್ಲಾ ಇದು" ಅಂದ ಮರಿಸ್ವಾಮಿ,
ಫೋನಿಂದ ಕಣ್ಣೆತ್ತದೆ.
"ಕಡ್ದು ಮೂರ್ ದಿನ. ನಿಂತಷ್ಟೂ ತೂಕ ಬುಡ್ತದೆ."
ನಾನು ಉತ್ತರ ಕೊಡಲಿಲ್ಲ.
ಅವನು ಮಾತಿಗೆಳೆದೇ ಹೊಡೆಯುವವನು.

ಹೊಡೆದ.

ನೂರ ನಲವತ್ತರಲ್ಲಿ ನನ್ನವನು ಬಲಕ್ಕೆ ಹಾರಿದ,
ಅಷ್ಟರಲ್ಲಿ ಫೋನಿಗೆ ದಮ್ಮು ಕಟ್ಟಿತು.
ಚಿತ್ರ ಒಂದೊಂದೇ, ಒಂದೊಂದೇ,
ಸೋರುವ ನಲ್ಲಿಯ ಹನಿ.
ಬೀಳುವುದೂ ಕಂತಿನಲ್ಲಿ.
ಇಷ್ಟು ನಿಧಾನ ಬೀಳುವವನಿಗೆ ಎಲ್ಲ ಕಾಣುತ್ತದೆ:
ಹಲಗೆಯ ಕೆಳಮೈ, ಅಲ್ಲಿ ಯಾರೂ ನೋಡದ ಕಡೆ
ಯಾರೋ ಕಷ್ಟಪಟ್ಟು ಬರೆದ ಹುಲ್ಲು,
ನನ್ನ ಹೆಬ್ಬೆರಳ ಮೇಲೆ ಕಬ್ಬಿನ ಗರಿ ಎಳೆದ ಗೀರು.
ಒತ್ತಿದೆ. ಅದು ಯಾವಾಗ ಕೇಳಿಸಿಕೊಂಡಿತೋ,
ಅಂಚು ಸಿಕ್ಕಿತು.

"ಮೋಸ! ನಿನ್ ಫೋನ್ ನಿಂತೋಗಿ ನೀನ್ ಉಳ್ಕಂಡೆ."
"ನಿಂದು ನಿಲ್ಲಲಿಲ್ವ?"
"ನಂದೂ ನಿಂತಿತ್ತು" ಎಂದು ಒಪ್ಪಿಕೊಂಡು ಬೀಡಿ ಹುಡುಕಿದ.

ಎರಡೂವರೆಗೆ ಮೈಕು ಕೆಮ್ಮಿ ನನ್ನ ನಂಬರು ಕೂಗಿತು.
ತಡಿ ಎನ್ನುವ ಗುಂಡಿ ಈ ಆಟಕ್ಕಿಲ್ಲ.
ನನ್ನವನನ್ನು ಅಂಚಿನಲ್ಲೇ ನೇತುಬಿಟ್ಟು
ಫೋನನ್ನು ಅವನ ಮಡಿಲಿಗೆ ಹಾಕಿ ಓಡಿದೆ, ಗೇರು ಹಾಕಿದೆ.
ವೇಬ್ರಿಡ್ಜಿನ ಹಲಗೆಯ ಅಂಚನ್ನು
ಮುಂದಿನ ಚಕ್ರ ಒಮ್ಮೆ ತಡವಿ ಹತ್ತಿತು.
ಕಿಟಕಿಯೊಳಗೆ ಕೆಂಪು ಅಂಕಿ ಏರತೊಡಗಿತು.
ಏರಲಿ, ಇನ್ನೂ ಏರಲಿ ಅಂದುಕೊಂಡೆ,
ಏರಬಾರದೆಂದು ಇಷ್ಟು ಹೊತ್ತು ಬೆವೆತ
ಅದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು.

ತಿರುಗಿ ನೋಡಿದರೆ ಮರಿಸ್ವಾಮಿ ಸೀಟಿನ ಮೇಲೆ ನಿಂತು
ಹೆಬ್ಬೆರಳು ತೋರಿಸುತ್ತಿದ್ದಾನೆ.
ನನ್ನವನು ಬಿದ್ದನೋ, ಇನ್ನೂ ಹಿಡಿದಿದ್ದಾನೋ.
ಆ ಮೊಂಡು ಬೆರಳಿಗೆ, ಇಷ್ಟು ದೂರದಿಂದ,
ಮೇಲೂ ಕೆಳಗೂ ಒಂದೇ.